ಟೀಚರ್ ಹೊದ್ದುಕೊಂಡ ಶಾಲು

ನನ್ನ ಕೆಲಸ ಏನೆಂದು ವಿವರಿಸುವುದು ಕಷ್ಟ. ಹುಡುಗರಿಗೆ ಕುಡಿಯಬೇಡಿ, ಗಾಂಜಾ ಸೇದಬೇಡಿ ಎಂದು ಹೇಳುವವಳು ನಾನಲ್ಲ. ಹಾಗೆ ಹೇಳುವ ದೊಡ್ಡವರನ್ನು ಕೂರಿಸಿಕೊಂಡು, ಹಾಗೆ ಹೇಳಬೇಡಿ, ಮೊದಲು ಹುಡುಗರ ಮಾತು ಕೇಳಿ ಎಂದು ಹೇಳುವವಳು. ಮುಂಬೈ ಹೊರವಲಯದಲ್ಲಿ ಠಾಣೆಯಿಂದ ಬದಲಾಪುರದವರೆಗೆ, ಆ ಕಡೆ ಕಳಂಬೋಲಿಯವರೆಗೆ ಮಾಸ್ತರರು, ಟ್ಯೂಷನ್ ಕ್ಲಾಸಿನವರು, ಸಂಘಗಳ ಯುವ ವಿಭಾಗದವರು ನನ್ನ ಶಿಬಿರಗಳಿಗೆ ಬರುತ್ತಾರೆ. ಎಲ್ಲರ ಚೀಲದಲ್ಲೂ ಒಂದೊಂದು ತಲೆಬುರುಡೆಯ ಪೋಸ್ಟರ್ ಇರುತ್ತದೆ. ಅದನ್ನು ಮಡಚಿ ಒಳಗಿಡಿಸುವಷ್ಟರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ.

ಡೊಂಬಿವಲಿಯ ಒಂದು ಕನ್ನಡ ಸಂಘದಲ್ಲಿ ಶಿಬಿರ ಇತ್ತು. ಸಂಘದ ಅಧ್ಯಕ್ಷರು ಉಡುಪಿ ಕಡೆಯವರು, ಹೋಟೆಲಿನವರು. ಅವರ ಹೋಟೆಲಿನ ಮೇಲಿನ ಮಹಡಿ ಫ್ಯಾಮಿಲಿಗೆ, ಕೆಳಗಿನದು ಪರ್ಮಿಟ್ ರೂಮ್, ಅಂದರೆ ಬಾರ್. ಮದ್ಯದ ಬಗ್ಗೆ ತಿಳಿವಳಿಕೆ ಕೊಡುವ ಶಿಬಿರಕ್ಕೆ ಮಧ್ಯಾಹ್ನದ ಊಟ ಅಲ್ಲಿಂದಲೇ ಬರುವುದಿತ್ತು. ನಾನು ಮುಗುಳ್ನಕ್ಕದ್ದನ್ನು ನೋಡಿ ಅವರೇ ಹೇಳಿದರು:

“ನಗ್ಬೇಡಿ ಮೇಡಂ. ಕೆಳಗೆ ಕೂತವರ ಕಥೆ ನನಗಿಂತ ಹೆಚ್ಚು ಯಾರಿಗೆ ಗೊತ್ತುಂಟು?”

ಮಾತು ಸುಳ್ಳಲ್ಲ. ನನಗೆ ಆ ಮನುಷ್ಯ ಆಗಲೇ ಇಷ್ಟವಾಗಿಬಿಟ್ಟರು.

ಆದರೆ ಸಂಘ ಎಂದರೆ ಸಂಘವೇ. ದೀಪ ಬೆಳಗಿಸದೆ, ಹಾರ ಹಾಕದೆ, ಶಾಲು ಹೊದಿಸದೆ ಅಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಬೆಳಿಗ್ಗೆ ಮೊದಲು ನನಗೇ ಸನ್ಮಾನ. ಅಲ್ಲಿಯ ನಿರೂಪಕನದು ಒಂದು ಪದ್ಧತಿ: ಸನ್ಮಾನಿತರ ಗುಣಗಾನವನ್ನೆಲ್ಲ ಮೊದಲು ಓದಿ, “ಯಾರು ಈ ಮಹನೀಯರು?” ಎಂದು ಸಭೆಯನ್ನು ಕಾಯಿಸಿ, ಹೆಸರನ್ನು ಕಟ್ಟಕಡೆಗೆ ಹೇಳುವುದು. ವೇದಿಕೆಯ ಮೇಲೆ ನಾನೊಬ್ಬಳೇ ಕೂತಿದ್ದರೂ ಸಸ್ಪೆನ್ಸ್ ಬಿಡಲಿಲ್ಲ. ಜ್ಞಾನದ ಗಂಗೆ, ಯುವಜನರ ದಾರಿದೀಪ ಎಂದೆಲ್ಲ ಓದಿ ಮುಗಿಸುವ ಹೊತ್ತಿಗೆ ಆ ಹೆಂಗಸು ಯಾರಿರಬಹುದೆಂದು ನನಗೇ ಕುತೂಹಲ ಹುಟ್ಟಿತ್ತು.

ಶಿಬಿರಾರ್ಥಿಗಳಲ್ಲಿ ನನ್ನ ಪ್ರಾಣ ತಿಂದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡ ಶಾಲೆಯಲ್ಲಿ ಆ ನಿರೂಪಕನಿಗೂ ಪಾಠ ಹೇಳಿದವರು. ಎಲ್ಲರೂ ‘ಟೀಚರ್’ ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಮುಡಿಯಲ್ಲಿ ಮಲ್ಲಿಗೆ, ಬಾಯಲ್ಲಿ ಸದಾ ಬುದ್ಧಿಮಾತು. ನನ್ನದೊಂದು ಕಟಿಂಗ್ ಚಹಾದ, ಅಂದರೆ ಅರ್ಧ ಲೋಟ ಚಹಾದ, ಆಟ ಇದೆ. ಒಬ್ಬರು ಕಾಲೇಜು ಹುಡುಗನಾಗಿ ಮನಸ್ಸಿನಲ್ಲಿರುವುದನ್ನು ಹೇಳಬೇಕು, ಎದುರಿನವರು ತಮ್ಮ ಲೋಟದ ಚಹಾ ಮುಗಿಯುವ ತನಕ ಉಪದೇಶ ಮಾಡದೆ ಕೇಳಬೇಕು. ಆಟ ಶುರುವಾಗುತ್ತಲೇ ಟೀಚರ್ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಗಂಟಲಿಗಿಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, ಸುಟ್ಟ ನಾಲಿಗೆಯಲ್ಲೇ ಭಾಷಣ ಆರಂಭಿಸಿದರು.

“ಟೀಚರ್, ಕೇಳಬೇಕು, ಹೇಳಬಾರದು,” ಎಂದೆ.

“ಎಂತ ಮಾರಾಯ್ರೆ, ಮಗು ಬಾವಿಗೆ ಬೀಳುವಾಗ ಚಹಾ ಕುಡೀತಾ ಕೂತ್ಕೊಳ್ಳುದಾ?”

ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ಇವರನ್ನು ದೇವರೇ ತಿದ್ದಬೇಕು ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಊಟದ ನಂತರದ ಅವಧಿ ನನ್ನ ಸಹೋದ್ಯೋಗಿಯದು. ವಿಜಯಪುರ ಕಡೆಯವನು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಮಾಡುತ್ತಿದ್ದವನು, ಕುಡಿದು ಪ್ಲಾಟ್‌ಫಾರ್ಮಿನಲ್ಲಿ ಬಿದ್ದಿರುತ್ತಿದ್ದವನು. ಬಿಟ್ಟು ವರ್ಷಗಳಾಗಿವೆ. ಬಾಗಿಲು ಮುಚ್ಚಿಸಿ, ಈ ಕೋಣೆಯ ಮಾತು ಈ ಕೋಣೆಯಲ್ಲೇ ಇರಬೇಕೆಂದು ಎಲ್ಲರಿಂದ ಮಾತು ತೆಗೆದುಕೊಂಡ ಮೇಲೆಯೇ ಅವನು ತನ್ನ ಕಥೆ ಹೇಳುವುದು. ಅಧ್ಯಕ್ಷರು ಮೊದಲ ಸಾಲಿನಲ್ಲಿ ಕೂತು ಕರವಸ್ತ್ರ ಒದ್ದೆ ಮಾಡಿಕೊಂಡರು. ಕೊನೆಗೆ ಅವನು, “ಇವತ್ತ ಸಂಜಿಕ ಇಲ್ಲೇ ಕಾರ್ಯಕ್ರಮಕ್ಕ ನನ್ನ ತಂಗೀನ ನೋಡಾಕ ಗಂಡಿನ ಕಡ್ಯಾವ್ರು ಶಹಾಡ್‌ದಿಂದ ಬರಾಕತ್ಯಾರ್ರಿ. ಅವ್ರಿಗಿ ಇದು ಗೊತ್ತಿಲ್ಲ. ನಾನಽ ಹೇಳಾಂವ, ನಾಳೆ, ಅವ್ರ ಮನ್ಯಾಗ ಕುಂತು. ಮಂದಿ ಬಾಯಿಲೆ ಹೋದ್ರ ತಂಗಿ ಬಾಳೇ ಹಾಳಾಗತೈತಿ,” ಎಂದ. ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರು ಕಣ್ಣೊರೆಸುವ ಗಡಿಬಿಡಿಯಲ್ಲಿದ್ದರು.

ಸಂಜೆಯ ಕಾರ್ಯಕ್ರಮಕ್ಕೆ ಸಭಾಂಗಣದಲ್ಲಿ ಕುರ್ಚಿ ಹಾಕುತ್ತಿದ್ದಾಗ ಪರದೆಯ ಹಿಂದೆ ನಿರೂಪಕ ಅಭ್ಯಾಸ ಮಾಡುತ್ತಿರುವುದು ಕೇಳಿಸಿತು. “ಮದಿರೆಯೆಂಬ ರಾಕ್ಷಸಿಯನ್ನು ಮಣಿಸಿದ ವೀರ... ಯಾರು ಈ ಸಾಧಕ?” ಅಧ್ಯಕ್ಷರನ್ನು ಹುಡುಕಿಕೊಂಡು ಓಡಿದೆ. ಅವರು ಹಣ್ಣಿನ ಬುಟ್ಟಿಗೆ ರಿಬ್ಬನ್ ಕಟ್ಟಿಸುತ್ತಿದ್ದರು.

“ಸರ್, ಅವನಿಗೆ ಸನ್ಮಾನ ಬೇಡ. ಆ ಮಾತು ಹೊರಗೆ ಬರಬಾರದು ಅಂತ ಅವನೇ ಹೇಳಿದನಲ್ಲ.”

“ಹೊರಗೆ ಎಲ್ಲಿ ಮೇಡಂ? ನಮ್ಮವರ ಎದುರೇ ಅಲ್ವಾ?”

“ಹುಡುಗಿ ನೋಡಲು ಬಂದವರೂ ಅಲ್ಲೇ ಕೂತಿರುತ್ತಾರೆ.”

“ಒಳ್ಳೇದೇ ಆಯ್ತಲ್ಲ. ಶಾಲು ಹೊದಿಸಿದ ಮೇಲೆ ಯಾರು ಬೇಡ ಅಂತಾರೆ? ಅಂಥ ಮನುಷ್ಯನನ್ನು ಸುಮ್ನೆ ಕಳಿಸಿದ್ರೆ ಸಂಘಕ್ಕೆ ಮರ್ಯಾದೆ ಉಂಟಾ?”

ಆ ಕಣ್ಣುಗಳಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಅದೇ ತೊಂದರೆ. ದುಷ್ಟರೊಡನೆ ಜಗಳವಾಡಬಹುದು. ಹಣ್ಣಿನ ಬುಟ್ಟಿ ಹಿಡಿದು ನಿಂತವರೊಡನೆ ಹೇಗೆ ಆಡುವುದು? ಪಕ್ಕದಲ್ಲಿ ಟೀಚರ್ ಚಹಾದ ಲೋಟ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಚಹಾ ಗುಟುಕರಿಸಿದರು. ಸಹಾಯಕ್ಕೆ ಬೇಕಾದಾಗಲೇ ಇವರ ಬಾಯಿ ಬಂದ್ ಆಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ನನ್ನ ಸಹೋದ್ಯೋಗಿಗೆ ಹೇಳುವಷ್ಟರಲ್ಲಿ ಸಭಾಂಗಣ ತುಂಬಿತ್ತು. ಅವನು ತಂಗಿಯ ಪಕ್ಕದಲ್ಲಿ ಕೂತಿದ್ದ. ಅವನ ಈ ಕಡೆ ಹುಡುಗನ ಅಪ್ಪ, ಇಸ್ತ್ರಿ ಅಂಗಿ ಹಾಕಿಕೊಂಡು ಗಂಭೀರವಾಗಿ. ಸಹೋದ್ಯೋಗಿಯ ಕಿವಿಯಲ್ಲಿ ವಿಷಯ ಹೇಳಿದೆ. “ಈಗ ಎದ್ದು ಹೋದ್ರ ಏನಂತಾರ್ರಿ?” ಎಂದು ಪಿಸುಗುಟ್ಟಿದ.

ಮಕ್ಕಳ ನೃತ್ಯ ಮುಗಿಯಿತು. ನಿರೂಪಕ ಮೈಕಿಗೆ ಬಂದ. ರಾಕ್ಷಸಿ ಬಂದಳು, ಕತ್ತಲ ಕೂಪ ಬಂತು, ಬೆಳಕಿನ ದಾರಿ ಬಂತು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು ನಿಂತರು. ಮೈಕು ಕಿತ್ತುಕೊಳ್ಳುವುದೇ ಸರಿ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ.

“ಯಾರು? ಯಾರು ಈ ಮಹನೀಯರು?”

ಮೊದಲ ಸಾಲಿನಿಂದ ಟೀಚರ್ ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲು ಹತ್ತಿದರು, ಸನ್ಮಾನದ ಕುರ್ಚಿಯಲ್ಲಿ ಕೂತರು, ಸೀರೆಯ ನೆರಿಗೆ ಸರಿಮಾಡಿಕೊಂಡು ಶಾಲಿಗಾಗಿ ಕುತ್ತಿಗೆ ಬಾಗಿಸಿದರು.

ನಿರೂಪಕ ಬಾಯಿ ತೆರೆದ. ಟೀಚರ್ ಅವನ ಕಡೆ ಒಮ್ಮೆ ನೋಡಿದರು. ಮಗ್ಗಿ ತಪ್ಪಿದಾಗ ಅವನು ಕಂಡಿರಬಹುದಾದ ನೋಟ ಅದು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅಧ್ಯಕ್ಷರು ಶಾಲು ಹಿಡಿದು ಅವರನ್ನೂ ನನ್ನನ್ನೂ ನೋಡಿದರು, ಆಮೇಲೆ ಸಭೆಯಲ್ಲಿ ತಲೆ ತಗ್ಗಿಸಿ ಕೂತವನನ್ನು ನೋಡಿದರು. ಆಗ ಅವರಿಗೆ ಅರ್ಥವಾಯಿತು. ಶಾಲನ್ನು ಟೀಚರ್ ಹೆಗಲಿಗೆ ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಕಾಲಿಗೆ ನಮಸ್ಕಾರ ಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ, “ಶ್ಶೆ, ಟೀಚರಾ?” ಎಂದರು. ಆಮೇಲೆ ಚಪ್ಪಾಳೆ ಬಿತ್ತು, ಜೋರಾಗಿಯೇ ಬಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಹೊರಗೆ ಉಪ್ಪಿಟ್ಟಿನ ಸಾಲಿನಲ್ಲಿ ಹುಡುಗನ ಅಪ್ಪ ಹೇಳುತ್ತಿದ್ದ: “ಅಷ್ಟು ಮಂದಿ ಮುಂದ ಒಪ್ಪಿಕೊಳ್ಳೂದು ಸಣ್ಣ ಮಾತಲ್ಲ ಬಿಡ್ರಿ. ಗಟ್ಟಿ ಹೆಣ್ಮಗಳು.”

ನನ್ನ ಸಹೋದ್ಯೋಗಿ ತಟ್ಟೆ ಕೆಳಗಿಟ್ಟ. “ನಾನೂ ಅದರಾಗಿಂದ ಬಂದಾಂವನಽ ರೀ. ನಾಳೆ ನಿಮ್ಮನಿಗಿ ಬಂದು ಹೇಳಬೇಕಂತ ಮಾಡಿದ್ದೆ.”

ಆತ ಇವನ ಕಡೆಗೆ ತಿರುಗಿದ. “ಈಗ?”

“ಈಗ ಇಲ್ರಿ. ಬಿಟ್ಟು ಭಾಳ ವರ್ಸ ಆತು.”

“ಹಂಗಾದ್ರ ನಾಳೆ ಬರ್ರಿ. ಪೂರಾ ಕೇಳ್ತೀನಿ. ಆಮ್ಯಾಲ ಮಿಕ್ಕಿದ್ದು.”

ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಆದರೆ ಹೇಳಬೇಕಾದವನೇ ಹೇಳಿದ್ದ.

ಟೀಚರನ್ನು ರಿಕ್ಷಾ ಸ್ಟ್ಯಾಂಡಿನವರೆಗೆ ನಾನೇ ಬಿಟ್ಟುಬರಲು ಹೋದೆ. ಶಾಲು ಇನ್ನೂ ಹೆಗಲ ಮೇಲಿತ್ತು. “ನಾನೊಂದು ಸುಳ್ಳು ಸಹ ಹೇಳ್ಲಿಲ್ಲ ಆಯ್ತಾ?” ಎಂದರು. “ನೀವು ಸುಮ್ನಿರಿ ಅಂದ್ರಿ, ನಾನು ಸುಮ್ನೆ ಹೋಗಿ ಕೂತೆ. ನನಗೆ ಇನ್ನು ಯಾರು ಗಂಡು ಹುಡುಕ್ಲಿಕ್ಕುಂಟು?”

ಅಷ್ಟರಲ್ಲಿ ಅವರಿಗೆ ಫೋನು ಬಂತು. ನೆರೂಳಿನಲ್ಲಿರುವ ಮಗ. ಸಂಘದ ವಾಟ್ಸಾಪ್ ಗ್ರೂಪಿನ ಫೋಟೋ, ‘ಮದಿರೆಯನ್ನು ಗೆದ್ದ ಟೀಚರ್’ ಎಂಬ ಬರಹದ ಸಮೇತ, ಆಗಲೇ ಅವನಿಗೆ ತಲುಪಿತ್ತು. “ಅಮ್ಮಾ, ಯೇ ಕ್ಯಾ ಸುನ್ ರಹಾ ಹೂಂ ಮೈಂ?” ಎಂದು ಹಿಂದಿಯಲ್ಲಿ, ಇದೇನು ಕೇಳುತ್ತಿದ್ದೇನೆ ಎಂದು, ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಲಿವರ್, ವಯಸ್ಸು, ಸೊಸೆಯ ತವರಿನವರು, ಮೊಮ್ಮಗಳ ಮೇಲಾಗುವ ಪರಿಣಾಮ, ನಾಲ್ಕು ಜನ ಏನೆಂದಾರು ಎಲ್ಲ ಬಂತು. ನನಗೂ ಕೇಳಿಸುವಷ್ಟು ಜೋರಾಗಿತ್ತು. ಟೀಚರ್ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಮಗ ಉಪದೇಶ ಮುಗಿಸಿ ತಾನೇ ಫೋನು ಇಟ್ಟ.

“ನಿಜ ಹೇಳಬಹುದಿತ್ತಲ್ಲ ಟೀಚರ್?”

“ನಾಳೆ ಅವರ ಮಾತುಕತೆ ಮುಗೀಲಿ. ಇವತ್ತು ಹೇಳಿದ್ರೆ ಇವ ಅದನ್ನೂ ಗ್ರೂಪಿಗೆ ಹಾಕ್ತಾನೆ.”

ಫೋನನ್ನು ಚೀಲಕ್ಕೆ ಹಾಕಿ ಅವರು ರಸ್ತೆ ನೋಡುತ್ತ ನಿಂತರು. ರಿಕ್ಷಾ ಬಂದು ನಿಂತರೂ ಹತ್ತಲಿಲ್ಲ.

“ಎಂತಕ್ಕೆ ಕುಡಿದೆ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ ಅವ,” ಎಂದರು. ಆಮೇಲೆ, “ನಾನು ಸಹ ಇಷ್ಟು ವರ್ಷ ಮಕ್ಕಳಿಗೆ ಹೀಗೇ ಮಾಡಿದ್ದಾ?” ಎಂದು ಕೇಳಿದರು.

ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಕೈಯಲ್ಲಿ ಚಹಾ ಇರಲಿಲ್ಲ. ಆದರೂ ಸುಮ್ಮನಿದ್ದೆ.