ತೊಂಬತ್ತೊಂಬತ್ತು ತೋರಿಸಿದ ಪೆಟ್ಟಿಗೆ

ವಗೀಹ್ ಸತ್ತ ದಿನ ಮಸೀದಿಯ ಮೈಕಿನಲ್ಲಿ ಎರಡು ಸಲ ಅವನ ಹೆಸರು ಕೂಗಿದರೂ ಊರಿನಲ್ಲಿ ಒಬ್ಬರೂ ಎದ್ದು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಬೇಕಾದರೆ ಮೊಟ್ಟೆಯಿಂದಲೇ ಶುರು ಮಾಡಬೇಕು.

ಟಾಂಟಾ ಪೇಟೆಗೆ ಹತ್ತಿರದ ನಮ್ಮೂರಿನಲ್ಲಿ ಮಣ್ಣಿನ ಗೂಡುಗಳೊಳಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವುದೇ ಕಸುಬು. ಕಾವು ಹದವಾಗಿದೆಯೇ ಎಂದು ತಿಳಿಯಲು ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಳ್ಳುತ್ತಾರೆ. ಎಲ್ಲರಿಗಿಂತ ದೊಡ್ಡ ಗೂಡು ಬಯೂಮಿ ಯಜಮಾನನದು. ಅವನ ಮಗಳು ಹಾನಿಮ್. ವಗೀಹ್ ನನ್ನ ಕ್ಷೌರದಂಗಡಿಯ ಪಕ್ಕದಲ್ಲಿ ಫ್ಯಾನು ರಿಪೇರಿ ಮಾಡುತ್ತಿದ್ದ, ತಂದೆಯಿಲ್ಲದ ಹುಡುಗ. ಹಾನಿಮ್‌ಳನ್ನು ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಒಂದು ದಿನ ಕಾಫಿಖಾನೆಯಲ್ಲಿ, ಎಲ್ಲರೆದುರೇ ಹೆಣ್ಣು ಕೇಳಿಬಿಟ್ಟ.

"ನಮ್ಮನೆ ಅಳಿಯ ಆಗೋನಿಗೆ ಮರಿ ಮಾಡ್ಸೋಕೆ ಬರ್ಬೇಕು ಕಣಯ್ಯಾ," ಎಂದ ಬಯೂಮಿ. "ಫ್ಯಾನು ತಿರುಗ್ಸಿದ್ರೆ ಮರಿ ಆಗಲ್ಲ."

"ಪೆಟ್ಟಿಗೇಲಿ ಮಾಡ್ಸಿ ತೋರಿಸ್ತೀನಿ ಯಜಮಾನ್ರೇ. ನಿಮ್ ಥರ ಮೊಟ್ಟೇನ ಕಣ್ಣಿಗೆ ಒತ್ಕೊಂಡು ಕೂರೋ ಕಾಲ ಹೋಯ್ತು."

ಕಾಫಿಖಾನೆ ಗೊಳ್ಳೆಂದು ನಕ್ಕಿತು. ಬಯೂಮಿಯೂ ನಕ್ಕ. ಆದರೆ ಅವನು ನಕ್ಕಾಗ ಹುಷಾರಾಗಿರಬೇಕೆಂದು ಊರಿಗೆಲ್ಲ ಗೊತ್ತು, ಈ ಪೆದ್ದನಿಗೆ ಗೊತ್ತಿರಲಿಲ್ಲ.

"ಸರಿ, ನನ್ನ ಗೂಡಿಂದ್ಲೇ ಒಂದು ಬುಟ್ಟಿ ಮೊಟ್ಟೆ ತಗೊಂಡ್ಹೋಗು. ವಸಂತದ ಹಬ್ಬದ ದಿನ ಮರಿ ಹೊರಗ್ಬಂದ್ರೆ ಅಲ್ಲೇ ಫಾತಿಹಾ ಓದಿ ಮದುವೆ ನಿಶ್ಚಯ ಮಾಡೋಣ."

ಥರ್ಮೋಕೋಲಿನ ಪೆಟ್ಟಿಗೆ, ಬಿಸಿ ಕೊಡುವ ತಂತಿ, ಹೆಬ್ಬೆರಳಷ್ಟು ಕಂಪ್ಯೂಟರು, ಶಾಖ ಅಳೆಯುವ ಸೆನ್ಸರು. ಸೆನ್ಸರು ಹೇಳುವುದು ನಾವೆಲ್ಲ ಜ್ವರ ಅಳೆಯುವ ಸೆಲ್ಸಿಯಸ್ ಲೆಕ್ಕ. ಮೊಟ್ಟೆಗೆ ಬೇಕಾದ್ದು ಮೂವತ್ತೇಳು ಚಿಲ್ಲರೆ. ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಅವನು ಮಕ್ಕಳೊಂದಿಗನಾಗಿರುತ್ತಿದ್ದ. ಆದರೆ ಅಮೆರಿಕದವರ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅದು ತೊಂಬತ್ತೊಂಬತ್ತು ಚಿಲ್ಲರೆ ಎಂದು ಎಲ್ಲೋ ಓದಿಕೊಂಡು ಬಂದ.

"ಮೂವತ್ತೇಳು ಯಾವನ ಕಂಕುಳಲ್ಲಿಟ್ರೂ ಬರತ್ತೆ. ತೊಂಬತ್ತೊಂಬತ್ತು ನೋಡು! ದೇವರ ಹೆಸರುಗಳು ಎಷ್ಟೋ ಅಷ್ಟು. ಬರ್ಕತ್ ಇರೋ ಸಂಖ್ಯೆ," ಎಂದು ನನ್ನ ಮುಂದೆ ಕುಣಿದ.

ಸೆಲ್ಸಿಯಸ್ಸನ್ನು ಒಂಬತ್ತರಿಂದ ಗುಣಿಸಿ, ಐದರಿಂದ ಭಾಗಿಸಿ, ಮೂವತ್ತೆರಡು ಕೂಡಿಸಬೇಕು. ಅವನು ಪ್ರೋಗ್ರಾಮಿನಲ್ಲಿ ಮೊದಲೇ ಒಂಬತ್ತನ್ನು ಐದರಿಂದ ಭಾಗಿಸುವಂತೆ ಬರೆದ. ಪೂರ್ಣ ಸಂಖ್ಯೆ ಕೊಟ್ಟರೆ ಆ ಪುಟ್ಟ ಕಂಪ್ಯೂಟರು ಉತ್ತರದ ಚಿಲ್ಲರೆಯನ್ನು ಎಸೆದುಬಿಡುತ್ತದಂತೆ. ಹಾಗಾಗಿ ಒಂದೂ ಮುಕ್ಕಾಲಿನ ಮೇಲೆ ಬರಬೇಕಾದ್ದು ಬರೀ ಒಂದಾಯಿತು. ಪರದೆಯ ಮೇಲೆ ತೊಂಬತ್ತೊಂಬತ್ತು ಬರಬೇಕಾದರೆ ಒಳಗೆ ನಿಜವಾಗಿ ಅರವತ್ತೇಳರ ಬೆಂಕಿ ಬೇಕಾಯಿತು.

ಮೊಟ್ಟೆಯಿಟ್ಟ ಮಾರನೇ ದಿನ ಬಯೂಮಿ ನೋಡಲು ಬಂದ. ನಾನೂ ಅಲ್ಲಿದ್ದೆ. ಒಂದು ಮೊಟ್ಟೆ ತೆಗೆದು ರೆಪ್ಪೆಗೆ ಒತ್ತಿಕೊಂಡು, ಸದ್ದಿಲ್ಲದೆ ವಾಪಸ್ಸಿಟ್ಟ.

"ಹೇಗಿದೆ ಯಜಮಾನ್ರೇ?"

"ಯಂತ್ರ ಏನು ಹೇಳ್ತದೆ?"

"ತೊಂಬತ್ತೊಂಬತ್ತು."

"ಹಾಗಾದ್ರೆ ಸರೀನೇ ಇರ್ಬೇಕು. ಇನ್ಮೇಲೆ ಮುಚ್ಚಳ ತೆಗೀಬೇಡ ಮಗನೇ, ಕಾವು ಹೋಗತ್ತೆ."

ಅವನ ರೆಪ್ಪೆ ಕೆಂಪಾಗಿತ್ತು. ಧೂಳು ಬಿದ್ದಿರಬೇಕು ಎಂದುಕೊಂಡೆ. ವಗೀಹ್‌ಗೆ ಅದೂ ಕಾಣಲಿಲ್ಲ. "ಮಗನೇ ಅಂದ್ರು, ಕೇಳ್ದ್ಯಾ?" ಎಂದು ಹಬ್ಬದವರೆಗೂ ನನ್ನ ತಲೆ ತಿಂದ. ನಾನು ಕ್ಷೌರಕ್ಕೆ ಕೂರಿಸಿದವರಿಗೆಲ್ಲ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದ.

ಹಬ್ಬದ ಬೆಳಿಗ್ಗೆ ಊರೆಲ್ಲ ಕಾಲುವೆ ದಂಡೆಯಲ್ಲಿ ಚಾಪೆ ಹಾಸಿತ್ತು. ಉಪ್ಪುಮೀನು, ಹಸಿ ಈರುಳ್ಳಿ, ಬಣ್ಣ ಬಳಿದ ಬೇಯಿಸಿದ ಮೊಟ್ಟೆ. ವಗೀಹ್ ಇಸ್ತ್ರಿ ಮಾಡಿದ ಅಂಗಿ ಹಾಕಿ ಪೆಟ್ಟಿಗೆ ಹೊತ್ತು ತಂದ. ಒಂದು ಮೊಟ್ಟೆಯೂ ಬಿರಿದಿರಲಿಲ್ಲ.

"ಒಡಿ," ಎಂದ ಬಯೂಮಿ.

ಒಡೆದ. ಒಳಗೆ ಕಂದುಬಣ್ಣದ, ರಬ್ಬರಿನಂಥ ಬೆಂದ ಮೊಟ್ಟೆ. ಇನ್ನೊಂದು ಒಡೆದ. ಅದೂ ಹಾಗೇ.

"ಬನ್ರೋ! ಇಂಜಿನಿಯರ್ ಸಾಹೇಬ್ರು ಹಬ್ಬದಡುಗೆ ಮಾಡಿ ತಂದಿದ್ದಾರೆ!" ಎಂದು ಬಯೂಮಿ ಕೂಗಿದ. "ನಂಗೆ ಅವತ್ತೇ ಗೊತ್ತಾಯ್ತು. ರೆಪ್ಪೆ ಸುಟ್ಟುಹೋಯ್ತು ಮಾರಾಯಾ."

"ಮತ್ಯಾಕೆ ಹೇಳ್ಲಿಲ್ಲ ಯಜಮಾನ್ರೇ?"

"ಹೇಳಿದ್ರೆ ನೀನು ಸರಿ ಮಾಡ್ಬಿಡ್ತಿದ್ದೆ."

ಉಪ್ಪು ಕೊಟ್ಟು ಅದನ್ನೇ ತಿನ್ನಿಸಿದ. ಊರು ಚಪ್ಪಾಳೆ ತಟ್ಟಿತು. ವಗೀಹ್ ಅಗಿಯುತ್ತಲೇ ಹಾನಿಮ್ ಕಡೆ ನೋಡಿದ. ಅವಳು ಎದ್ದು ಬಂದು ಒಂದು ಈರುಳ್ಳಿ ಚಾಚಿದಳು. "ಬರೀ ಮೊಟ್ಟೆ ತಿನ್ಬೇಡಿ, ಗಂಟಲು ಹಿಡಿಯತ್ತೆ," ಎಂದು ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಅವನು ಈರುಳ್ಳಿಯನ್ನೂ ತಿಂದ.

ಅಂದಿನಿಂದ ಅವನ ಹೆಸರು ಮಸ್ಲೂಕ್, ಅಂದರೆ ಬೆಂದವನು. ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕಿ ತಿದ್ದಿದ. ಪೆಟ್ಟಿಗೆ ಚಿನ್ನದಂಥ ಮರಿ ಕೊಟ್ಟಿತು. ಬಯೂಮಿಯೇ ಮಣ್ಣಿನ ಗೂಡು ಕೆಡವಿ ಮಸ್ಲೂಕನ ಪೆಟ್ಟಿಗೆ ಸಾಲಾಗಿ ಇಟ್ಟ, ಹೆಣ್ಣನ್ನು ಮಾತ್ರ ಟಾಂಟಾದ ವ್ಯಾಪಾರಿಗೆ ಕೊಟ್ಟ. ವಗೀಹ್ ಆಮೇಲೆ ಹೆಣ್ಣು ಕೇಳಲು ಹೋದ ಮನೆಗಳಲ್ಲೆಲ್ಲ ಚಹಾದ ಜೊತೆ ಒಂದು ಬೇಯಿಸಿದ ಮೊಟ್ಟೆ ಇಡುತ್ತಿದ್ದರು. ಕೊನೆಗೆ ಕೇಳುವುದನ್ನೇ ಬಿಟ್ಟ. ಥೂ, ನಮ್ಮ ಊರಿಗಿಷ್ಟು ಬೆಂಕಿ ಬೀಳ!

ಕಳೆದ ಚಳಿಗಾಲ ಎದೆ ಹಿಡಿದುಕೊಂಡು ಹೋದ. ಎರಡು ಸಲ ಹೆಸರು ಕೂಗಿದ ಮೇಲೆ ಮಸೀದಿಯವನು ಬೇಸತ್ತು, "ಮಸ್ಲೂಕ್ ತೀರಿಕೊಂಡ್ರು" ಎಂದು ಮೈಕಿನಲ್ಲಿ ಹೇಳಿದ. ಆಗ ಅಂಗಡಿಗಳ ಬಾಗಿಲು ಬಿದ್ದವು, ಊರು ಬಂತು.

ಮಣ್ಣು ಮಾಡಿ ಮರಳುವಾಗ ಬಯೂಮಿ ನನ್ನ ತೋಳು ಹಿಡಿದುಕೊಂಡು ನಡೆದ. ವಯಸ್ಸಾಗಿದೆ. "ಇನ್ನು ಪೆಟ್ಟಿಗೆ ಕೆಟ್ರೆ ಯಾರಿಗೆ ತೋರಿಸೋದು?" ಎಂದು ಕೊರಗಿದ. ಆಮೇಲೆ ಏನೋ ನೆನಪಾದವನಂತೆ ನಿಂತ.

"ಅಲ್ಲಯ್ಯಾ, ಮಸ್ಲೂಕನ ಸುದ್ದಿಗಿಂತ ಮುಂಚೆ ಯಾವ್ದೋ ಹೆಸರು ಕೂಗಿದ್ರಲ್ಲ, ಅದ್ಯಾರು ಸತ್ತಿದ್ದು?"