ಮಾವ ಬಿಗಿದ ಪಟ್ಟಿ

ನಮ್ಮ ಸೋದರತ್ತೆಯ ಗ್ಯಾರೇಜಿನ ಹಿಂದೆಯೇ ಜೌಗು ಶುರುವಾಗುತ್ತದೆ. ಅಲ್ಲಿ ಇಳಿದ ಚಕ್ರ ಹೂತೇ ಹೋಗುತ್ತದೆ. ಹಾಗಾಗಿ ಅತ್ತೆ ಜೀಪುಗಳ ಚಕ್ರ ಬಿಚ್ಚಿ, ಆ ಜಾಗದಲ್ಲಿ ಟ್ರ್ಯಾಕ್, ಅಂದರೆ ಅಗಲವಾದ ರಬ್ಬರ್ ಪಟ್ಟಿಗಳನ್ನು ಕೂರಿಸಿಕೊಡುತ್ತಾರೆ. ಭಾರ ಪಟ್ಟಿಯ ಉದ್ದಕ್ಕೂ ಹರಡುವುದರಿಂದ ಗಾಡಿ ಕೆಸರಿನ ಮೇಲೆಯೇ ಸಾಗುತ್ತದೆ.

ಮಾವ ಬೆತ್ತದ ಕುರ್ಚಿ ಹೆಣೆಯುವವರು. ಅವರು ಎಳೆದು ಬಿಗಿದ ಬೆತ್ತ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ.

ಮೊನ್ನೆ ನರ್ಸಮ್ಮನ ಜೀಪಿಗೆ ಪಟ್ಟಿ ಹಾಕುವಾಗ ಮಾವನೂ ನೆರವಿಗೆ ಬಂದರು. ಜೌಗಿನಾಚೆಯ ಮಕ್ಕಳಿಗೆ ಹಾಕುವ ಲಸಿಕೆ ಐಸ್ ಪೆಟ್ಟಿಗೆಯಲ್ಲಿತ್ತು. ಐಸ್ ಕರಗುವುದರೊಳಗೆ ಆಚೆ ದಡ ಸೇರದಿದ್ದರೆ ಅಷ್ಟೂ ಲಸಿಕೆ ಹಾಳು. ಎಡಗಡೆಯ ಪಟ್ಟಿಗಳನ್ನು ಅತ್ತೆ ಬಿಗಿದರು, ಬಲಗಡೆಯವನ್ನು ಮಾವ. ನರ್ಸಮ್ಮ ಗಾಡಿ ಶುರು ಮಾಡಿದರೆ ಅದು ನರಳಿ, ಬಲಕ್ಕೆ ತಿರುಗಿ ನಿಂತೇಬಿಟ್ಟಿತು.

ಅತ್ತೆ ಬಲಗಡೆಯ ಪಟ್ಟಿ ಒತ್ತಿ ನೋಡಿದರು. ಅದು ಹಲಗೆಯ ಹಾಗಿತ್ತು.

"ರೀ, ಇದನ್ನೂ ಕುರ್ಚಿ ಅಂದ್ಕೊಂಡ್ರಾ? ಇದು ಓಡ್ಬೇಕು ಕಣ್ರೀ!"

"ಸಡಿಲ ಬಿಟ್ರೆ ನನ್ನ ಮಾನ ಹೋಗುತ್ತೆ ಕಣೇ!" ಎಂದರು ಮಾವ.

"ನಿಮ್ಮ ಮಾನ ಆಮೇಲೆ ನೋಡೋಣ, ಮೊದ್ಲು ಐಸ್ ಉಳಿಸಿ," ಎಂದು ನರ್ಸಮ್ಮ ಅವಸರಪಡಿಸಿದರು.

ಒತ್ತಿದರೆ ಎರಡು ಬೆರಳಷ್ಟು ತಗ್ಗುವ ಹಾಗೆ ಅತ್ತೆ ಪಟ್ಟಿಗಳನ್ನು ಸಡಿಲಿಸಿದರು. ಮಾವ ಅದನ್ನು ನೋಡಲಾರದೆ ಗೋಡೆಯ ಕಡೆ ತಿರುಗಿಕೊಂಡರು. ಈ ಸಲ ಜೀಪು ಕೆಸರಿಗಿಳಿದು, ಬಾತುಕೋಳಿಯ ಹಾಗೆ ಓಲಾಡುತ್ತಾ ನೆಟ್ಟಗೆ ಹೋಯಿತು. ಆಚೆ ದಡದಿಂದ ನರ್ಸಮ್ಮ ಪೆಟ್ಟಿಗೆ ತೆರೆದು ನೋಡಿ, ಐಸ್ ಗಡ್ಡೆಯೊಂದನ್ನು ಎತ್ತಿ ತೋರಿಸಿದರು.

"ನೋಡಿದ್ಯಾ?" ಎಂದರು ಮಾವ. "ಎಡಗಡೆಗೆ ನಾನು ಕೈ ಹಾಕದೇ ಇದ್ದಿದ್ದಕ್ಕೇ ಕೆಲಸ ಇಷ್ಟು ಬೇಗ ಆಯ್ತು."