ಮೊಮ್ಮಗಳು ಬರೆದ ನಕ್ಷೆ

ಆ ಟೀಚರು ಒಳ್ಳೆಯವಳು. ಅವಳ ಒಳ್ಳೆಯತನದಿಂದಲೇ ನಾವು ಇದ್ದ ಜಾಗ ಬಿಡಬೇಕಾಯಿತು. ಇದರಲ್ಲಿ ತಿದ್ದಿ ಹೇಳುವಂಥದ್ದು ಏನೂ ಇಲ್ಲ.

ಹೈದರಾಬಾದಿನಲ್ಲಿ ಆಗ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಯಾದಗಿರಿ ಕಡೆಯಿಂದ ಬಂದ ನನ್ನ ಮಗ, ಸೊಸೆ ಅವಕ್ಕೆ ಕಲ್ಲು, ಸಿಮೆಂಟು ಹೊರುತ್ತಿದ್ದರು. ನಾನು ಗುಡಿಸಲು ಕಾಯುತ್ತ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದೆ. ಖಾಲಿ ಪ್ಲಾಟು ಕಂಡಲ್ಲಿ ತಾಡಪತ್ರಿ ಕಟ್ಟುವುದು, ಪೊಲೀಸರು ಬಂದು ಎಬ್ಬಿಸಿದರೆ ಮತ್ತೊಂದು ಕಡೆ ಕಟ್ಟುವುದು. ಎಬ್ಬಿಸುವಾಗ ಕೈಗೆ ಸಿಕ್ಕ ಸಾಮಾನನ್ನು ವ್ಯಾನಿಗೆ ಹಾಕಿಕೊಂಡು ಹೋಗುತ್ತಿದ್ದರು. ಅದಕ್ಕೇ ಪೊಲೀಸರ ಸೀಟಿ ಕೇಳಿದ ಕೂಡಲೇ ಯಾರು ಏನು ಎತ್ತಿಕೊಂಡು ಓಡಬೇಕೆಂದು ನಮ್ಮಲ್ಲಿ ಮೊದಲೇ ಗೊತ್ತುಮಾಡಿರುತ್ತಿದ್ದೆವು. ಮಗ ತಾಡಪತ್ರಿ, ಸೊಸೆ ಹಿಟ್ಟಿನ ಡಬ್ಬ, ನಾನು ಹಾಸಿಗೆ. ಪಾತ್ರೆ ಮೊಮ್ಮಗಳ ಪಾಲು. ಎಂಟು ವರ್ಷದ ಹುಡುಗಿ, ಒಂದು ಲೋಟವನ್ನೂ ಬಿಟ್ಟವಳಲ್ಲ.

ಕೊನೆಯ ಸಲ ಎಬ್ಬಿಸಿದ ಮೇಲೆ ನಾವೂ ಇನ್ನು ನಾಲ್ಕಾರು ಮನೆಯವರೂ ನಾಲಾದ ದಂಡೆಗೆ, ಒಂದು ಎತ್ತರದ ಕಂಪೌಂಡು ಗೋಡೆಯ ಹಿಂದೆ ಹೋಗಿ ಕೂತೆವು. ರಸ್ತೆಗೆ ಕಾಣುತ್ತಿರಲಿಲ್ಲ. ಗೋಡೆ ಒಂದು ಕಡೆ ಒಡೆದಿತ್ತು; ಅದರಲ್ಲಿ ಅಡ್ಡ ತಿರುಗಿ ನುಸುಳಿದರೆ ನಮ್ಮ ಮನೆ. ವರ್ಷವಾದರೂ ಯಾರೂ ಬರಲಿಲ್ಲ. ಧೈರ್ಯ ಬಂದು ಹುಡುಗಿಯನ್ನು ಹತ್ತಿರದ ಶಾಲೆಗೆ ಹಾಕಿದೆವು.

ಒಂದು ದಿನ ಶಾಲೆಯ ಮೈದಾನಕ್ಕೆ ಪೊಲೀಸರು ಬಂದರು. ಮಕ್ಕಳಿಗೆ ತಮ್ಮ ಕೆಲಸ ತೋರಿಸುವ ದಿನವಂತೆ. ನಾಯಿ ಬಚ್ಚಿಟ್ಟ ಕರವಸ್ತ್ರ ಹುಡುಕಿತು, ಕುದುರೆ ಬೇಲಿ ಹಾರಿತು, ಮಕ್ಕಳು ಚಪ್ಪಾಳೆ ಹೊಡೆದರು. ಆಮೇಲೆ ಗದ್ದಲ ಮಾಡುವ ಜನರನ್ನು ಹೇಗೆ ಚದುರಿಸುತ್ತಾರೆಂದು ತೋರಿಸಲು ಲಾಠಿ ಹಿಡಿದು ಸಾಲಾಗಿ ನಿಂತು ಸೀಟಿ ಊದಿದರು. ನಮ್ಮ ಹುಡುಗಿ ಎದ್ದಳು. ಮರದ ಕೆಳಗಿಟ್ಟಿದ್ದ ಊಟದ ಡಬ್ಬಿಗಳನ್ನು ಲಂಗದಲ್ಲಿ ತುಂಬಿಕೊಂಡು ಓಡಿದಳು. ನೀರಿನ ಟಾಕಿಯ ಹಿಂದೆ ಸಿಕ್ಕಳು. ಉಳಿದ ಮಕ್ಕಳು "ದೊಂಗ, ದೊಂಗ" ಎಂದು ಕೂಗಿದರು. ತೆಲುಗಿನಲ್ಲಿ ಕಳ್ಳಿ ಅಂತ.

ನನ್ನನ್ನು ಕರೆಸಿದರು. ನನಗೆ ತೆಲುಗು ಬಾರದು, ಟೀಚರಿಗೆ ಕನ್ನಡ ಬಾರದು. ಬೀದರ ಕಡೆಯವನಾದ ಶಾಲೆಯ ವಾಚ್‌ಮನ್ ನಡುವೆ ನಿಂತ.

"ಯವ್ವಾ, ಡಬ್ಬಿ ಯಾಕ ತಗೊಂಡು ಓಡಿದ್ಳು ಅಂತ ಕೇಳಾಕತ್ತಾರ."

"ಅದು ಅಕಿ ಕೆಲಸರೀ. ಸೀಟಿ ಊದಿದ್ರ ಭಾಂಡೆ ಉಳಿಸಬೇಕು. ಮನ್ಯಾಗ ಹಂಗ ಕಲಿಸೀವಿ. ಮಂದಿ ಡಬ್ಬಿನೂ ಉಳಿಸ್ಯಾಳ, ಅದಕ್ಕ ಕಳ್ಳಿ ಅಂತೀರಿ."

"ಹಂಗಾದ್ರ ನನ್ನ ಡಬ್ಬಿ ಯಾಕ ಬಿಟ್ಳು?" ಎಂದು ವಾಚ್‌ಮನ್ ನಕ್ಕ. ಆಮೇಲೆ ತೆಲುಗಿನಲ್ಲಿ ಹೇಳಿದ. ಟೀಚರ ಕಣ್ಣಲ್ಲಿ ನೀರು ಬಂತು. ಹುಡುಗಿಯ ತಲೆ ಸವರಿ, ಇವಳು ಕಳ್ಳಿಯಲ್ಲ ಎಂದು ಎಲ್ಲ ಮಕ್ಕಳ ಮುಂದೆ ಹೇಳಿದಳು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಬಿಡಲಿಲ್ಲ. ಪೊಲೀಸರು ಬಂದ ದಿನವನ್ನು ಎಲ್ಲ ಪಾಠಕ್ಕೂ ಹಚ್ಚಿದಳು. ಗಣಿತದಲ್ಲಿ ಕುದುರೆ ಹಾರಿದ ಎತ್ತರ, ವಿಜ್ಞಾನದಲ್ಲಿ ನಾಯಿಯ ಮೂಗು. ನಮ್ಮ ಹುಡುಗಿಯ ಓಟವೂ ಪಾಠವಾಯಿತು: ಪಾತ್ರೆ ಕಟ್ಟಿದ ಗಂಟು ಎಷ್ಟು ತೂಗುತ್ತದೆ, ಅದನ್ನು ಹೊತ್ತರೆ ಓಟ ಎಷ್ಟು ನಿಧಾನವಾಗುತ್ತದೆ. ಮಕ್ಕಳೆಲ್ಲ ಗಂಟು ಹೊತ್ತು ಓಡಿದರಂತೆ, ಗೆದ್ದವಳು ಇವಳೇ. "ದೊಂಗ" ಅನ್ನುವುದು ನಿಂತಿತು. ಮನೆಗೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ.

ಒಂದು ಸಂಜೆ ಕರೆತರಲು ಹೋದೆ. ಹುಡುಗಿ ಕೈ ಹಿಡಿದು ಒಳಗೆ ಎಳೆದಳು. ಗೋಡೆಯ ಮೇಲೆ ದೊಡ್ಡ ಹಾಳೆ.

"ಆಯೀ, ಇದು ನಾ ಬರದ ನಕ್ಷೆ, ಸಾಲಿಯಿಂದ ಮನಿತನಕ. ಇದು ರೋಡ್, ಇದು ನಾಲಾ, ಇದು ಒಡದ ಗ್ವಾಡಿ. ಇಕಾ ನೋಡು, ನಮ್ಮ ಮನಿ."

ನಾನು ಓದಿದ್ದು ಎರಡನೆಯ ಇಯತ್ತೆ. ಆದರೂ ಅದನ್ನು ನೋಡಿಕೊಂಡು ಯಾರು ಬೇಕಾದರೂ ನಮ್ಮ ಒಲೆಯ ಮುಂದೆ ಬಂದು ನಿಲ್ಲಬಹುದೆಂದು ತಿಳಿಯಿತು.

"ಯಾರಿಗೆ ತೋರಸಾಕ ಇದು?"

"ನಾಳೆ ಪೊಲೀಸ್ ಸಾಹೇಬ್ರು ಬರ್ತಾರ. ನಾನ ಕೋಲು ಹಿಡದು ಹೇಳೂದು, ತೆಲುಗಿನ್ಯಾಗ!"

ವಾಚ್‌ಮನ್‌ನನ್ನು ಹುಡುಕಿ ಟೀಚರ ಮುಂದೆ ನಿಲ್ಲಿಸಿದೆ. "ಅದನ್ನ ತಗೀರಿ ಅಂತ ಹೇಳಪಾ. ನಮ್ಮನ್ನ ಎಬ್ಬಸ್ತಾರ."

ಅವನು ಹೇಳಿದ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದಳು.

"ಅಂಜಬ್ಯಾಡ ಅಂತಾರ ಯವ್ವಾ. ಹುಡುಗಿ ಅಂಜಿಕಿ ಹೋಗಲಿ ಅಂತನ ಪೊಲೀಸರ್ನ ಕರಸ್ಯಾರಂತ. ಆ ಸಾಹೇಬ್ರು ಭಾಳ ಚಲೋ ಮನಶ್ಯಾ ಅಂತ."

"ಚಲೋ ಇರಬೌದು. ಎಬ್ಬಸೂದು ಅವ್ರ ಕೆಲಸ ಅಲ್ಲೇನು?"

ಅದನ್ನು ಅವನು ತೆಲುಗಿನಲ್ಲಿ ಹೇಳಲಿಲ್ಲ. ಅವನಿಗೂ ನೌಕರಿ ಬೇಕಲ್ಲ.

ಮಗ ಕೆಲಸದಿಂದ ಬಂದ ಮೇಲೆ ಹೇಳಿದೆ. "ಹರದು ಒಗದು ಬರಬೇಕಿತ್ತು," ಎಂದ.

"ನೀ ಹೋಗಿ ಹರಿ."

"ನಾಳೆ ಅಕಿನ್ನ ಕಳಸೂದ ಬ್ಯಾಡ."

"ಅಕಿ ಹೋಗದಿದ್ರೂ ಹಾಳಿ ಅಲ್ಲೇ ಇರ್ತೈತಿ."

ಅವನ ಮಗಳು ಒಲೆಯ ಬದಿಗೆ ನಿಂತು, ಕಟ್ಟಿಗೆ ಚೂರು ಹಿಡಿದು, ಗಾಳಿಗೆ ಮರೆಯಾಗಿ ನಿಲ್ಲಿಸಿದ್ದ ತಗಡಿನ ಮೇಲೆ ರೋಡು, ನಾಲಾ ತೋರಿಸುತ್ತ ತೆಲುಗಿನಲ್ಲಿ ಪಾಠ ಒಪ್ಪಿಸುತ್ತಿದ್ದಳು. ಅವಳನ್ನು ನೋಡಿದ. ಮತ್ತೆ ಆ ಮಾತು ಎತ್ತಲಿಲ್ಲ. ಅಕ್ಕಪಕ್ಕದ ಗುಡಿಸಲಿನವರಿಗೂ ಹೇಳಿ ಬಂದೆ. ಕೆಲವರು ಬೈದರು, ಕೆಲವರು ಮಕ್ಕಳ ಚಿತ್ರ ಯಾರು ನೋಡುತ್ತಾರೆ ಎಂದು ನಕ್ಕರು.

ಮರುದಿನ ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಶಾಲೆಯ ಗೇಟಿನವರೆಗೆ ಹೋಗಿ ಬಿಟ್ಟುಬಂದೆ. ಬಂದವಳೇ ತಾಡಪತ್ರಿಯ ಹಗ್ಗ ಬಿಚ್ಚತೊಡಗಿದೆ.